ಮೂಡಲಗಿಯ ಭರಣಿ ಮತ್ತು ಚೀನದ ದೊರೆ

೧೯೩೪ನೆಯ ಇಸವಿ. ಆಗ ನಾನು ಮುಂಬಯಿಯ ಒಂದು ಹರಾಜು ಕಂಪನಿಯಲ್ಲಿ ಚೀನೀ ಪಿಂಗಾಣಿಯ ಪರೀಕ್ಷಕನಾಗಿದ್ದೆ. ಹುದ್ದೆಯ ಹೆಸರು ಕೇಳಲು ಗಂಭೀರವಾಗಿದೆ. ಕೆಲಸ ಮಾತ್ರ ಪಾತ್ರೆಗಳನ್ನು ಬೋರಲು ಹಾಕಿ ಅವುಗಳ ತಳ ನೋಡುವುದು. ಹುಕ್ಕೇರಿಯಲ್ಲಿದ್ದ ನನ್ನ ತಾಯಿ ಇದನ್ನು ನೆರೆಹೊರೆಯವರಿಗೆ ನನಗಿಂತ ಚೆನ್ನಾಗಿ ವಿವರಿಸುತ್ತಿದ್ದಳು: "ನನ್ನ ಮಗಾ ಮಂದಿ ಮನಿ ಭಾಂಡೆ ಡಬ್ಬ ಹಾಕಿ ನೋಡ್ತಾನವಾ. ಅದಕ್ಕ ಸಾಹೇಬ ಪಗಾರ ಕೊಡ್ತಾನ. ತೊಳಿಯಾಕ ಬ್ಯಾರೆ ಆಳ ಅದಾನಂತ."

ಈ ಕೆಲಸದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಚೀನದ ಕುಂಬಾರ ತನ್ನ ಪಾತ್ರೆಯ ತಳದಲ್ಲಿ, ಮೆರುಗು ಹಾಕುವ ಮೊದಲೇ, ಕೋಬಾಲ್ಟ್ ಎಂಬ ನೀಲಿ ಬಣ್ಣದಿಂದ ನಾಲ್ಕು ಅಥವಾ ಆರು ಅಕ್ಷರ ಬರೆಯುತ್ತಾನೆ. ಮೆರುಗಿನ ಕೆಳಗಿರುವುದರಿಂದ ಅದನ್ನು ಉಜ್ಜಿ ತೆಗೆಯಲಾಗದು. ಕಸುಬಿನಲ್ಲಿ ಅದಕ್ಕೆ ಮಾರ್ಕ್ ಎನ್ನುತ್ತಾರೆ. 'ಇಂಥ ದೊರೆಯ ಆಳಿಕೆಯಲ್ಲಿ ಮಾಡಿದ್ದು' ಎಂಬಷ್ಟೇ ಅದರ ಒಕ್ಕಣೆ. ನನಗೆ ಚೀನೀ ಭಾಷೆ ಬರುವುದಿಲ್ಲ. ಮಝಗಾಂವದ ಒಬ್ಬ ಚೀನೀ ಬಡಗಿ ಕಲಿಸಿದ ದೊರೆಗಳ ಹೆಸರುಗಳು ಮಾತ್ರ ಬರುತ್ತಿದ್ದವು. ಅಂದರೆ, ಒಂದು ಇಡೀ ದೇಶದ ಭಾಷೆಯಲ್ಲಿ ಸತ್ತ ರಾಜರ ಹೊರತು ಬೇರೇನೂ ಗೊತ್ತಿಲ್ಲದ ವಿದ್ವಾಂಸ ನಾನು. ಒಂದು ಲೋಟ ನೀರು ಕೇಳಲು ಬಾರದು. ಕುಡಿದ ಲೋಟ ಯಾವ ದೊರೆಯ ಕಾಲದ್ದೆಂದು ಹೇಳಬಲ್ಲೆ.

ಆದರೆ ಈ ಮಾರ್ಕನ್ನು ನಂಬುವ ಹಾಗಿಲ್ಲ. ಇನ್ನೂರು ವರ್ಷ ಹಿಂದೆ ಸತ್ತ ದೊರೆಯ ಹೆಸರನ್ನು ಚೀನದ ಕುಂಬಾರರು ನಿನ್ನೆ ಸುಟ್ಟ ಪಾತ್ರೆಯ ಮೇಲೆ ನಿಸ್ಸಂಕೋಚವಾಗಿ ಬರೆಯುತ್ತಿದ್ದರು. ಹಿರಿಯರ ಕೈಗೆಲಸದ ಮೇಲಿನ ಗೌರವ ಇದಕ್ಕೆ ಒಂದು ಕಾರಣ. ಗಿರಾಕಿಯ ಕಿಸೆಯ ಮೇಲಿನ ಪ್ರೀತಿ ಇನ್ನೊಂದು. ಆದ್ದರಿಂದ ಪರೀಕ್ಷಕನಾದವನು ಮೊದಲು ಮಣ್ಣಿನ ಮೈ, ಮೆರುಗಿನ ಛಾಯೆ, ನೀಲಿಯ ಆಳ ನೋಡುತ್ತಾನೆ. ಪಾತ್ರೆ ನೆಲದ ಮೇಲೆ ಕೂರುವ ಮೆರುಗಿಲ್ಲದ ಉಂಗುರವನ್ನು ಬೆರಳಿನಿಂದ ಸವರಿ ನೋಡುತ್ತಾನೆ. ಅಕ್ಷರ ಓದುವುದು ಎಲ್ಲ ಮುಗಿದ ಮೇಲೆ. ನಮ್ಮ ಕಸುಬಿನಲ್ಲಿ ಅಕ್ಷರ ಎಂದರೆ ಕಟಕಟೆಗೆ ಕೊನೆಯಲ್ಲಿ ಹತ್ತಿಸಬೇಕಾದ ಸಾಕ್ಷಿ. ಅದೂ ಹಿಂದೊಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದ ಸಾಕ್ಷಿ.

ಆ ವರ್ಷದ ಬೇಸಿಗೆಯಲ್ಲಿ ರಜೆ ಹಾಕಿ ಹುಕ್ಕೇರಿಗೆ ಬಂದಿದ್ದೆ. ಬಂದ ಮೂರನೆಯ ದಿನ ಮೂಡಲಗಿಯಿಂದ ಕರೆ ಬಂತು. ಅಲ್ಲಿ ಹತ್ತಿ ಮತ್ತು ಬೆಲ್ಲದ ದಲಾಲಿ ಮಾಡುವ ಒಂದು ಜೈನ ಮನೆತನ. ಆ ಮನೆಯ ಹಿರಿಯ ಸೊಸೆ ಜಿನ್ನವ್ವ ನಮ್ಮೂರಿನ ಹೆಣ್ಣುಮಗಳು. ೧೯೧೧ರಲ್ಲಿ ಮದುವೆಯಾಗಿ ಹೋದವಳು. ಮಕ್ಕಳಾಗಲಿಲ್ಲ. ಇನ್‌ಫ್ಲುಯೆಂಜಾ ಜ್ವರದ ವರ್ಷ ಅತ್ತೆ ಹೋದಳು. ಎರಡು ವರ್ಷದ ಹಿಂದೆ ಗಂಡ ಹೋದ. ಹಿಂದಿನ ದೀಪಾವಳಿಯ ಹೊತ್ತಿಗೆ ಮಾವ. ಉಳಿದವನು ಮೈದುನ ನೇಮಣ್ಣ. ಆಕೆ ಮನೆ ತುಂಬಿದಾಗ ಐದು ವರ್ಷದ ಹುಡುಗ. ಆಕೆಯೇ ಮೂಗು ಒರೆಸಿ, ಸಾಲೆಗೆ ಕಳಿಸಿ, ಮದುವೆ ಮಾಡಿಸಿದವಳು. ಈಗ ಅವನೇ ಯಜಮಾನ.

ಆಗಿನ ಕಾಯ್ದೆಯ ಪ್ರಕಾರ ಒಟ್ಟು ಕುಟುಂಬದ ವಿಧವೆಗೆ ಹೊಟ್ಟೆಗೆ, ಬಟ್ಟೆಗೆ ಹಕ್ಕಿತ್ತು, ಪಾಲಿಗೆ ಇರಲಿಲ್ಲ. ತವರಿನಿಂದ ತಂದದ್ದು ಮಾತ್ರ ಅವಳದು. ಅದಕ್ಕೆ ಸ್ತ್ರೀಧನ ಎಂಬ ಭಾರವಾದ ಹೆಸರಿದೆ. ಜಿನ್ನವ್ವ ಬಯಸಿದ್ದು ಇಷ್ಟೇ: ಹುಕ್ಕೇರಿಯಲ್ಲಿ ಅಣ್ಣನ ಮನೆಯ ಮಗ್ಗುಲಿಗೆ ಎರಡು ಅಂಕಣದ ಒಂದು ಮನೆ ಮಾರಾಟಕ್ಕಿತ್ತು, ಅದನ್ನು ಕೊಂಡು ತನ್ನ ಪಾಡಿಗೆ ಇರುವುದು. ಮುಂಬಯಿಯ ಹಳೆ ಸಾಮಾನಿನ ವ್ಯಾಪಾರಿಯ ಏಜೆಂಟನೊಬ್ಬ ಗೋಕಾಕದ ಸುತ್ತ ತಿರುಗುತ್ತ ಇವರ ಪಡಸಾಲೆಯಲ್ಲಿದ್ದ ಒಂದು ಚೀನೀ ಭರಣಿ ನೋಡಿ, ಆ ಮನೆಗೆ ಸಾಲುವಷ್ಟು ಬೆಲೆ ಹೇಳಿಹೋಗಿದ್ದ. ಭರಣಿ ತನ್ನ ತಂದೆ ಮದುವೆಯಲ್ಲಿ ಕೊಟ್ಟದ್ದು ಎಂದು ಜಿನ್ನವ್ವ. ಬಿಜಾಪುರದ ಬಾದಶಹ ತಮ್ಮ ಮೂಲಪುರುಷನಿಗೆ ಕೊಟ್ಟದ್ದು ಎಂದು ನೇಮಣ್ಣ. ಮನೆಯ ಮಾತು ಕೋರ್ಟಿಗೆ ಹೋಗಬಾರದೆಂದು ಇಬ್ಬರೂ ಒಪ್ಪಿ ಮೂವರು ಪಂಚರನ್ನು ಕೂಡಿಸಿದ್ದರು.

ಪಂಚರ ಮುಖ್ಯಸ್ಥ ಗೋಕಾಕದ ಮಲ್ಲಪ್ಪಣ್ಣ. ಮೂವತ್ತು ವರ್ಷದಿಂದ ಹಿತ್ತಾಳೆ ತಾಮ್ರದ ಭಾಂಡೆ ವ್ಯಾಪಾರ. ಒಂದು ಗುಂಜಿ ತೂಕ ಆಚೀಚೆ ಮಾಡದ ಮನುಷ್ಯ ಎಂದು ಹೆಸರು. ಅದು ನಿಜವೂ ಹೌದು. ಇನ್ನಿಬ್ಬರು ಕೌಜಲಗಿಯ ಮತ್ತು ಮಮದಾಪುರದ ಹಿರಿಯರು. ಮಲ್ಲಪ್ಪಣ್ಣ ಹೇಳಿದ್ದಕ್ಕೆ ಒಬ್ಬರು ಗೋಣು ಹಾಕುತ್ತಿದ್ದರು, ಇನ್ನೊಬ್ಬರು ಎಲೆ ಅಡಿಕೆ ಹಾಕುತ್ತಿದ್ದರು.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಮದುವೆಗೆ ಭಾಂಡೆ ಕೊಡುವವರು ಅಂಗಡಿಯ ಮೆಟ್ಟಿಲ ಮೇಲೆ ಕೂತ ಕುಶಲಗಾರನ ಕೈಯಲ್ಲಿ ಅದರ ಮೇಲೆ ತಮ್ಮ ಹೆಸರು ಕೊರೆಸಿಯೇ ಕೊಡುತ್ತಾರೆ. ಅವನು ಸಣ್ಣ ಉಳಿ ಹಿಡಿದು ಟಕಟಕ ಬಡಿದು ಚುಕ್ಕೆ ಚುಕ್ಕೆಯಾಗಿ ಅಕ್ಷರ ಮೂಡಿಸುತ್ತಾನೆ. ಹೆಸರಿಲ್ಲದ ತಂಬಿಗೆ ಕೊಟ್ಟವನನ್ನು ಬೀಗರು ಜಿಪುಣ ಎನ್ನುವುದಿಲ್ಲ, ಎಲ್ಲಿಂದಲೋ ಎತ್ತಿಕೊಂಡು ಬಂದಿದ್ದಾನೆ ಎನ್ನುತ್ತಾರೆ. ಜಿನ್ನವ್ವನ ಹಂಡೆ, ಕೊಡ, ಪರಾತ, ತಾಟುಗಳ ಮೇಲೆಲ್ಲ ಆಕೆಯ ತಂದೆಯ ಹೆಸರಿತ್ತು. ಪಂಚರು ಅಂಗಳದಲ್ಲಿ ಭಾಂಡೆ ಹರವಿ, ಹೆಸರು ಓದಿ, ಆಕೆಯದು ಈ ಕಡೆ ಮನೆಯದು ಆ ಕಡೆ ಎಂದು ಒಂದೇ ಮುಂಜಾನೆಯಲ್ಲಿ ಸರಿಸಿಟ್ಟಿದ್ದರು. ಒಂದು ಚಮಚಕ್ಕೂ ತಕರಾರು ಬರಲಿಲ್ಲ. ಉಳಿದದ್ದು ಭರಣಿ. ಅದರ ತಳದಲ್ಲೂ ನಾಲ್ಕು ಅಕ್ಷರ ಇದ್ದವು; ಓದುವವರು ಮೂಡಲಗಿಯಲ್ಲಿ ಇರಲಿಲ್ಲ. ಹುಕ್ಕೇರಿಯವನೊಬ್ಬ ಮುಂಬಯಿಯಲ್ಲಿ ಇದನ್ನೇ ಓದಿ ಪಗಾರ ತೆಗೆದುಕೊಳ್ಳುತ್ತಾನೆ ಎಂದು ಯಾರೋ ನೆನಪಿಸಿದರು. ನನ್ನ ತಾಯಿಯ ಪ್ರಚಾರ ಅಲ್ಲಿಯವರೆಗೂ ಹಬ್ಬಿತ್ತು.

ಸರ್ವಿಸ್ ಮೋಟಾರಿನಲ್ಲಿ ಧುಪದಾಳದವರೆಗೆ, ಅಲ್ಲಿಂದ ಅವರು ಕಳಿಸಿದ ಚಕ್ಕಡಿಯಲ್ಲಿ ಮೂಡಲಗಿಗೆ. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ನಾನು ಕೂರುವ ಮೊದಲೇ ನೇಮಣ್ಣ ಮಾತು ತೆಗೆದ:

"ಮಲ್ಲಪ್ಪಣ್ಣಾರ, ಸಿಟ್ಟಾಗಬ್ಯಾಡ್ರಿ. ಇವರು ವೈನಿ ತವರ ಊರಾವ್ರು. ಹುಕ್ಕೇರ್ಯಾವ್ರನ್ನ ಕರಸಿದ್ರ ಹುಕ್ಕೇರಿ ಕಡೇನ ಹೇಳ್ತಾರ."

"ಹಂಗಾರ ಚೀನಾದಾವ್ರನ್ನ ಕರಸೂನೇನಪಾ?" ಎಂದ ಮಲ್ಲಪ್ಪಣ್ಣ. "ಅಂವಾ ಬರೂದ್ರಾಗ ನೀ ಮುದುಕ ಆಗಿರ್ತಿ. ಸುಮ್ನ ಕುಂದ್ರ."

ಜಿನ್ನವ್ವ ಒಳಬಾಗಿಲಿನ ಹೊಸ್ತಿಲ ಮೇಲೆ ಕೂತಿದ್ದಳು. ಬಿಳಿ ಸೀರೆ, ತಲೆಯ ಮೇಲೆ ಸೆರಗು. ನನ್ನ ಕಡೆ ನೋಡಿ, ತವರೂರಿನ ಸಲಿಗೆಯಿಂದ, "ಅಣ್ಣಾ, ಆರಾಮದೀರೇನ್ರಿ? ಅವ್ವ ಚಲೋ ಅದಾಳ?" ಎಂದಳು. ಅಷ್ಟಕ್ಕೇ ನೇಮಣ್ಣನ ಮುಖ ಬಿಗಿಯಿತು. ನಾನು ಚುಟುಕಾಗಿ ತಲೆಯಾಡಿಸಿದೆ. ನ್ಯಾಯ ಹೇಳಲು ಬಂದವನು ತಾಯಿಯ ಯೋಗಕ್ಷೇಮ ಹೇಳುವುದೂ ಪಕ್ಷಪಾತವಾಗುವ ಜಾಗ ಅದು.

ಭರಣಿಯನ್ನು ತಂದು ಮುಂದಿಟ್ಟರು. ಮೊಣಕಾಲೆತ್ತರದ್ದು. ಮೈತುಂಬ ನೀಲಿ, ಆ ನೀಲಿಯಲ್ಲಿ ಒಡೆದ ಮಂಜುಗಡ್ಡೆಯ ಬಿರುಕಿನಂತೆ ಗೆರೆಗಳು, ಅದರ ಮೇಲೆ ಬಿಳಿ ಹೂವಿನ ರೆಂಬೆಗಳು. ಮುಚ್ಚಳ ಮಾತ್ರ ಪಿಂಗಾಣಿಯದಲ್ಲ. ಕಟ್ಟಿಗೆಯದು; ಗೋಕಾಕದ ಗೊಂಬೆ ಮಾಡುವವರು ಕಡೆದು ನೀಲಿ ಬಿಳಿ ಬಣ್ಣ ಬಳಿದದ್ದು.

"ವೈನಿ, ಮೊದಲ ನೀವ ಹೇಳ್ರಿ" ಎಂದ ನೇಮಣ್ಣ. ಅತ್ತಿಗೆಯನ್ನು ಎಂದೂ ಏಕವಚನದಲ್ಲಿ ಕರೆದವನಲ್ಲ. ಮನೆಯಿಂದ ಬರಿಗೈಯಲ್ಲಿ ಕಳಿಸುವಾಗಲೂ ಬಹುವಚನದಲ್ಲೇ ಕಳಿಸುವ ಸಂಸ್ಕಾರ.

ಜಿನ್ನವ್ವ ಹೇಳಿದಳು: "ನಮ್ಮಪ್ಪ ಮುಂಬೈದಾಗ ಹತ್ತಿ ಗೋದಾಮಿನ್ಯಾಗ ಗುಮಾಸ್ತ ಇದ್ನರಿ. ಒಬ್ಬ ಪಾರ್ಸಿ ಸಾಹುಕಾರನ ಮನಿ ಸಾಮಾನ ಹರಾಜಿಗೆ ಬಂದಾಗ ಇದನ್ನ ಹಿಡದಾ. ರೈಲಿನ್ಯಾಗ ತೊಡಿ ಮ್ಯಾಲ ಇಟ್ಕೊಂಡು ಬಂದಾ. ಮುಚ್ಚಳಾ ಒಡದಿತ್ತು, ಗೋಕಾಕದಾಗ ಗೊಂಬಿ ಮಾಡಾವ್ರ ಕಡೆ ಇದನ್ನ ಮಾಡಿಸಿದಾ. ಹೆಸರ ಹಾಕಸಾಕ ಭಾಂಡೆ ಅಂಗಡಿಗೂ ಒಯ್ದಿದ್ನರಿ. ಇದಕ್ಕ ಉಳಿ ಇಟ್ರ ಒಡೀತೈತಿ, ನಾ ಒಲ್ಲೆ ಅಂದ್ನಂತ ಅಂವಾ."

"ಆ ಮಾತ ಖರೆ" ಎಂದ ಮಲ್ಲಪ್ಪಣ್ಣ. "ಚೀನಿ ಮಣ್ಣಿಗೆ ಉಳಿ ಇಡೂದಿಲ್ಲ ನಮ್ಮಾವ್ರು."

"ಬಾದಶಾನ ಕಥಿ ನಮ್ಮ ಮಾವ್ನವ್ರು ಕಟ್ಟಿದ್ದರಿ. ಬಂದ ಬೀಗರ ಮುಂದ ಮ್ವಾಜಿಗೆ ಹೇಳಾಂವ್ರು. ನಾ ನೀರ ಕೊಡಾಕ ಬಂದ್ರ ನನ್ನ ಕಡೆ ನೋಡಿ ಕಣ್ಣ ಮಿಟಕಸ್ತಿದ್ರು. ಮುಂದ ಮುಂದ ಮಿಟಕಸೂದ ಬಿಟ್ರು. ಅವರಿಗೂ ಖರೆ ಅನಸಿರಬೇಕ."

ನೇಮಣ್ಣ ಎದ್ದು ನಿಂತ. ಅವನು ಸುಳ್ಳು ಹೇಳಲಿಲ್ಲ ಎಂದು ಇಂದಿಗೂ ನಂಬಿದ್ದೇನೆ. ಐದನೆಯ ವಯಸ್ಸಿನಿಂದ ಆ ಕಥೆ ಕೇಳಿ ಬೆಳೆದವನು. ಅವನಿಗೆ ಅದು ಮನೆಯ ತೊಲೆಯಷ್ಟೇ ಗಟ್ಟಿ. ಮೂಲಪುರುಷರು ಬಿಜಾಪುರದ ದಂಡಿನ ಕುದುರೆಗಳಿಗೆ ಹುರುಳಿ ಒದಗಿಸುತ್ತಿದ್ದರು, ಬಾದಶಹ ಮೆಚ್ಚಿ ಭರಣಿ ಕೊಟ್ಟ ಎಂದು ಹೇಳಿ, ಕೊನೆಗೆ ಉದಾರವಾಗಿ ಸೇರಿಸಿದ: "ಮುಚ್ಚಳಾ ಬೀಗರ ಮಾಡಿಸಿದ್ದು. ನಾ ಇಲ್ಲ ಅನ್ನೂದಿಲ್ಲ. ಲಗ್ನದ ಮಾತಿಗೆ ಬಂದಾಗ ನಮ್ಮ ಭರಣಿ ಬೋಳಾಗಿದ್ದದ್ದ ನೋಡಿರ್ತಾರ, ಪ್ರೀತೀಲೆ ಮುಚ್ಚಳಾ ಮಾಡಿಸಿ ಕೊಟ್ಟಿರ್ತಾರ."

"ಬೀಗರ ಮರ್ಯಾದಿ ಅಂದ್ರ ಹಂಗ" ಎಂದರು ಮಮದಾಪುರದ ಹಿರಿಯರು. ಅಂದು ಅವರಾಡಿದ ಒಂದೇ ಮಾತು ಅದು.

ಮದುವೆ ಕಂಡ ಮುದುಕರು ಊರಲ್ಲಿ ಇಬ್ಬರು ಮೂವರು ಇದ್ದರು. ಅವರಿಗೆ ಆ ದಿನದ ಬುಂದಿಯ ರುಚಿ ಇನ್ನೂ ನಾಲಿಗೆಯಲ್ಲಿತ್ತು, ಭರಣಿಯ ನೆನಪಿರಲಿಲ್ಲ. ಜಿನ್ನವ್ವನ ಅಣ್ಣನ ಮಾತು ತವರಿನ ಮಾತೆಂದು ಲೆಕ್ಕಕ್ಕೆ ಬರಲಿಲ್ಲ. ಹೀಗಾಗಿ ಎಲ್ಲ ಭಾರ ನನ್ನ ಮೇಲೆ ಬಿತ್ತು. ಭರಣಿ ಬಾದಶಹರ ಕಾಲದ್ದಾದರೆ ಮನೆಯದು. ಆಮೇಲಿನದಾದರೆ ಕಥೆ ಬಿದ್ದುಹೋಗಿ ಜಿನ್ನವ್ವನದು. ಇದರಲ್ಲಿ ಒಂದು ಸೊಗಸಿತ್ತು. ಭರಣಿ ನಿಜವಾಗಿ ಹಳೆಯದಾದರೆ ಅದಕ್ಕೆ ಹತ್ತು ಪಟ್ಟು ಬೆಲೆ. ಅಂದರೆ ಆ ಹೆಣ್ಣುಮಗಳು ತನ್ನ ಪಾತ್ರೆ ಅಗ್ಗದ್ದಾಗಿರಲಿ ಎಂದು ದೇವರಿಗೆ ಬೇಡಿಕೊಳ್ಳುತ್ತ ಕೂತಿದ್ದಳು.

ಭರಣಿಯನ್ನು ಅಂಗಳದ ಬಿಸಿಲಿಗೆ ತರಿಸಿ ನೋಡಿದೆ. ಹಳೆಯ ಕಾಲದ ಈ ಬಗೆಯ ಭರಣಿಗಳಲ್ಲಿ ನೀಲಿಯನ್ನು ಪದರ ಪದರವಾಗಿ ಬಳಿಯುತ್ತಿದ್ದರು. ದಿಟ್ಟಿಸಿದರೆ ನೀರಿನೊಳಗೆ ನೋಡಿದಂತೆ ಆಳ ಕಾಣುತ್ತದೆ. ಇದರ ನೀಲಿ ಗೋಡೆಗೆ ಬಳಿದ ಹಾಗೆ ಒಂದೇ ಸಮ. ಮಂಜಿನ ಬಿರುಕುಗಳನ್ನು ಅವಸರದಲ್ಲಿ ಗೀಚಿದ್ದರು. ಹೂವುಗಳು ಒಂದರಂತೆ ಒಂದು, ಪಗಾರಕ್ಕೆ ಬರೆದ ಹೂವುಗಳು. ಮೈ ದಪ್ಪ, ತೂಕ ಹೆಚ್ಚು. ತಳದ ಉಂಗುರವನ್ನು ಸವರಿದರೆ ಸುಣ್ಣದ ಕಡ್ಡಿಯಂತೆ ಒರಟು. ಹಳೆಯದಾದರೆ ಅಲ್ಲಿ ನುಣುಪಾದ, ಓರೆಯಾಗಿ ಕೆತ್ತಿದ ಅಂಚಿರಬೇಕು. ಸಂಶಯಕ್ಕೆ ಎಡೆಯೇ ಇರಲಿಲ್ಲ. ಇದು ೧೮೮೦ರಿಂದ ೧೯೦೦ರ ನಡುವೆ, ವಿದೇಶದ ಮಾರಾಟಕ್ಕೆಂದು ರಾಶಿ ರಾಶಿ ಮಾಡಿದ ಮಾಲು. ೧೬೮೬ರಲ್ಲಿ ಔರಂಗಜೇಬ ಬಿಜಾಪುರ ಗೆದ್ದಾಗ ಈ ಭರಣಿಯ ಮಣ್ಣು ಇನ್ನೂ ಚೀನದ ಗುಡ್ಡದಲ್ಲೇ ಇತ್ತು.

ಪಡಸಾಲೆಗೆ ಬಂದು, "ನನ್ನ ಅಭಿಪ್ರಾಯ ಸಿದ್ಧವಿದೆ" ಎಂದೆ.

"ಅಭಿಪ್ರಾಯ ಇರಲಿರಿ" ಎಂದ ಮಲ್ಲಪ್ಪಣ್ಣ. "ಏನ ಬರದೈತಿ ಅದನ್ನ ಮೊದಲ ಓದ್ರಿ."

"ಅದು ಕೊನೆಗೆ ಓದುವಂಥದ್ದು. ಮೊದಲು ಪಾತ್ರೆ ಯಾವಾಗಿನದು ಎಂದು—"

"ಯಾಕ್ರೀ?" ನೇಮಣ್ಣ ನಡುವೆ ಬಾಯಿ ಹಾಕಿದ. "ಓದಾಕ ಅಂಜಾಕತ್ತೀರೇನು? ಓದಿದ್ರ ಊರಾಕಿಗೆ ಲುಕ್ಸಾನ ಆಕ್ಕೈತಂತ?"

ಎಲ್ಲರೂ ನನ್ನನ್ನೇ ನೋಡಿದರು. ಓದದೆ ಬೇರೆ ಮಾತಾಡಿದ್ದರೆ ಅಲ್ಲಿಗೆ ನನ್ನ ಸಾಕ್ಷ್ಯ ಮುಗಿಯುತ್ತಿತ್ತು. ಭರಣಿ ಬೋರಲು ಹಾಕಿ, ಎರಡು ನೀಲಿ ಬಳೆಗಳ ನಡುವಿನ ನಾಲ್ಕು ಅಕ್ಷರದ ಮೇಲೆ ಬೆರಳಿಟ್ಟು ಓದಿದೆ: "ಕಾಂಗ್‌ಶಿ ದೊರೆಯ ಆಳಿಕೆಯಲ್ಲಿ ಮಾಡಿದ್ದು."

"ಯಾವಾಗಿದ್ದ ಈ ದೊರಿ?"

"೧೬೬೨ರಿಂದ ೧೭೨೨ರವರೆಗೆ."

ಕೌಜಲಗಿಯ ಹಿರಿಯರು ಬೆರಳು ಮಡಚಿ ಲೆಕ್ಕ ಹಾಕಿದರು. ನೇಮಣ್ಣ ಹಾಕಲಿಲ್ಲ, ಅವನಿಗೆ ಬೇಕಾಗಲಿಲ್ಲ. "ಬರೋಬರಿ ಬಂತಲ್ರೀ! ಬಿಜಾಪುರದ ಬಾದಶಾನೂ ಅವಾಗ ಇದ್ದಾ! ನಾ ಕಲಿಸಿ ಕೊಟ್ಟೇನೇನ ಇವರಿಗೆ? ಹುಕ್ಕೇರ್ಯಾವ್ರ ಬಾಯಾಗ ಬಂತು!"

"ತಡೆಯಿರಿ" ಎಂದೆ. "ಹೆಸರು ಆ ದೊರೆಯದು. ಪಾತ್ರೆ ಆ ಕಾಲದ್ದಲ್ಲ. ಇದು ನಲವತ್ತು ಐವತ್ತು ವರ್ಷದ್ದು. ಹಳೆಯ ದೊರೆಯ ಹೆಸರು ಬರೆಯುವುದು ಅವರಲ್ಲಿ ರೂಢಿ."

ಮಲ್ಲಪ್ಪಣ್ಣ ನನ್ನನ್ನು ಕರುಣೆಯಿಂದ ನೋಡಿದ. "ಸಾಹೇಬ್ರ, ಮೂವತ್ತ ವರ್ಷ ಭಾಂಡೆ ಮಾರೇನ್ರಿ. ತನ್ನ ರೊಕ್ಕಾ ಹಾಕಿ ತಗೊಂಡ ಭಾಂಡೆದ ಮ್ಯಾಲ ಮಂದಿ ಹೆಸರ ಹಾಕಿಸಿದಾವ್ನ ಒಬ್ಬನ್ನೂ ನ್ವಾಡಿಲ್ಲ."

"ಹಿರಿಯರ ಮೇಲಿನ ಗೌರವಕ್ಕೆ ಹಾಕುತ್ತಾರೆ."

"ಗೌರವ ಇದ್ರ ಕೈ ಮುಗೀತಾರ. ಸುಳ್ಳ ಬರೀತಾರೇನ್ರಿ?"

ಪಡಸಾಲೆಯಲ್ಲಿ ಸಣ್ಣ ನಗೆ ಎದ್ದಿತು. ನಾನು ಇದ್ದ ವಿದ್ಯೆಯನ್ನೆಲ್ಲ ಹೊರಗೆ ತೆಗೆದೆ. ಆ ದೊರೆಯ ಕಾಲದಲ್ಲೇ, ೧೬೭೭ರಲ್ಲಿ, ಪಿಂಗಾಣಿ ಮಾಡುವ ಊರಿನ ಅಧಿಕಾರಿಯೊಬ್ಬ ಪಾತ್ರೆಗಳ ಮೇಲೆ ದೊರೆಯ ಹೆಸರು ಬರೆಯಬಾರದೆಂದು ಅಪ್ಪಣೆ ಮಾಡಿದ್ದ. ಪಾತ್ರೆ ಒಡೆದರೆ ದೊರೆಯ ಹೆಸರು ತಿಪ್ಪೆಗೆ ಬೀಳುತ್ತದಲ್ಲ ಎಂಬ ಭಯ. ಆದ್ದರಿಂದ ನಿಜವಾಗಿ ಅವನ ಕಾಲದಲ್ಲಿ ಆದ ಎಷ್ಟೋ ಪಾತ್ರೆಗಳ ಮೇಲೆ ಅವನ ಹೆಸರೇ ಇಲ್ಲ ಎಂದು ವಿವರಿಸಿದೆ. ಮುಂಬಯಿಯಲ್ಲಿ ಈ ಮಾತಿಗೆ ಸಂಗ್ರಹಕಾರರು ಮೆಚ್ಚಿ ತಲೆದೂಗುತ್ತಿದ್ದರು.

ಮಲ್ಲಪ್ಪಣ್ಣ ನಿಧಾನವಾಗಿ ಕೇಳಿದ: "ಅಂದ್ರ ಸಾಹೇಬ್ರ, ಹೆಸರ ಇರಲಿಲ್ಲಂದ್ರ ಅದು ಆ ದೊರಿದು ಅಂತೀರಿ. ಹೆಸರ ಇದ್ರ ಆ ದೊರಿದಲ್ಲ ಅಂತೀರಿ. ಹೌದಲ್ಲರೀ?"

ನಾನು ಕಸುಬಿಗೆ ನಿಷ್ಠನಾಗಿ, "ಹೆಚ್ಚು ಕಡಿಮೆ ಹಾಗೆಯೇ" ಎಂದೆ.

ಈ ಸಲದ ನಗೆ ಸಣ್ಣದಾಗಿರಲಿಲ್ಲ. ಎಲೆ ಅಡಿಕೆಯ ಹಿರಿಯರಿಗೆ ಕೆಮ್ಮು ಬಂದು ಬೆನ್ನು ತಟ್ಟಬೇಕಾಯಿತು. ಹೊಸ್ತಿಲ ಮೇಲೆ ಜಿನ್ನವ್ವ ಮಾತ್ರ ನಗಲಿಲ್ಲ. ನಾನು ಇನ್ನೇನಾದರೂ ಹೇಳುತ್ತೇನೆಂದು ಕಾಯುತ್ತಿದ್ದಳು. ಉಂಗುರ ಸವರಿ ನೋಡಿರಿ ಎಂದು ಮಲ್ಲಪ್ಪಣ್ಣನ ಕೈ ಹಿಡಿದು ಅದರ ಮೇಲಿಟ್ಟೆ. ಅವನು ಶ್ರದ್ಧೆಯಿಂದ ಸವರಿದ. "ಒರಟ ಐತ್ರಿ. ಹಳೇದ ಅಂದಮ್ಯಾಗ ಒರಟ ಆಗೂದ ಅಲ್ಲ?" ಎಂದ. ತಾಮ್ರ ತಿಳಿದವನಿಗೆ ಮಣ್ಣಿನ ಭಾಷೆ ಒಂದು ಮಧ್ಯಾಹ್ನದಲ್ಲಿ ಬರುವುದಿಲ್ಲ.

ತೀರ್ಪು ಆಗಲೇ ಆಯಿತು. ಮಲ್ಲಪ್ಪಣ್ಣ ಜಮಖಾನೆಯ ಮೇಲೆ ನೆಟ್ಟಗೆ ಕೂತು ಹೇಳಿದ: "ಎಲ್ಲಾ ಭಾಂಡೆಕ್ಕ ನಾವು ಒಂದ ಕಾಯ್ದೆ ಹಿಡದೇವಿ. ಯಾರ ಹೆಸರೈತಿ ಅವರು ಕೊಟ್ಟದ್ದು. ಜಿನ್ನವ್ವಗ ಅಪ್ಪನ ಹೆಸರಿನ ಭಾಂಡೆ ಎಲ್ಲಾ ಕೊಟ್ಟೇವಿ. ಒಂದ ಚಮಚಾ ಬಿಟ್ಟಿಲ್ಲ. ಈ ಒಂದಕ್ಕ ಬ್ಯಾರೆ ಕಾಯ್ದೆ ಹಿಡಿಯಾಕ ಬರೂದಿಲ್ಲ. ಇದರ ಮ್ಯಾಲ ಆಕಿ ಅಪ್ಪನ ಹೆಸರಿಲ್ಲ. ಚೀನಾದ ದೊರಿ ಹೆಸರೈತಿ. ದೊರಿ ಬಾದಶಾಗ ಕೊಟ್ಟಾನ, ಬಾದಶಾ ಈ ಮನಿಗೆ ಕೊಟ್ಟಾನ. ಭರಣಿ ಮನೀದು. ಮುಚ್ಚಳಾ ಆಕಿ ಅಪ್ಪಂದಂತ ನೇಮಣ್ಣನ ಒಪ್ಪ್ಯಾನ. ಮುಚ್ಚಳಾ ಜಿನ್ನವ್ವಂದು."

ಹೀಗೆ ಚೀನದ ಚಕ್ರವರ್ತಿ, ಸತ್ತು ಇನ್ನೂರ ಹನ್ನೆರಡು ವರ್ಷವಾದ ಮೇಲೆ, ಮೂಡಲಗಿಯ ಬೀಗರ ಪಂಕ್ತಿಯಲ್ಲಿ ಕೂತ. ಇದರಲ್ಲಿ ಲಂಚವಿಲ್ಲ, ಮೋಸವಿಲ್ಲ, ಸುಳ್ಳು ಸಾಕ್ಷಿಯಿಲ್ಲ. ಇಷ್ಟು ಪ್ರಾಮಾಣಿಕವಾದ ಅನ್ಯಾಯವನ್ನು ನಾನು ಆಮೇಲೆ ಕಂಡಿಲ್ಲ. ಮೋಸಗಾರರಿದ್ದಿದ್ದರೆ ಅವರ ಮೇಲೆ ಸಿಟ್ಟಾದರೂ ಮಾಡಬಹುದಿತ್ತು.

ನೇಮಣ್ಣ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿಗೆಗೆ ಕೊಟ್ಟ. ಆಕೆ ಅದನ್ನು ಮಡಿಲಲ್ಲಿಟ್ಟುಕೊಂಡು ಸೆರಗಿನಿಂದ ಒರೆಸಿದಳು. ಆಮೇಲೆ ಎದ್ದು ಬಂದು ಅದನ್ನು ಭರಣಿಯ ಮೇಲೆಯೇ ಇಟ್ಟಳು. "ಬಾಯಿ ತೆರದ ಇಟ್ರ ಧೂಳ ಬೀಳತೈತಿ" ಎಂದು ಒಳಗೆ ಹೋದಳು.

"ದೊಡ್ಡ ಮನಸಿನಾಕಿ" ಎಂದ ಮಲ್ಲಪ್ಪಣ್ಣ ಮೆಚ್ಚುಗೆಯಿಂದ. ನನಗೆ ಹೋಳಿಗೆಯ ಊಟ ಹಾಕಿ, ಅದೇ ಚಕ್ಕಡಿಯಲ್ಲಿ ಕಳಿಸಿದರು. ಬಡಿಸಿದವಳು ಜಿನ್ನವ್ವನೇ. ತುಪ್ಪ ಹಾಕುವಾಗ ಸಾಕು ಎಂದೆ. ಆಕೆ ನಿಲ್ಲಿಸಲಿಲ್ಲ, ಬೇರೆಲ್ಲೋ ನೋಡುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಏಜೆಂಟ್ ಮತ್ತೆ ಮೂಡಲಗಿಗೆ ಹೋದನಂತೆ. ಅವನು ಕಸುಬಿನವನು, ಹಿಂದೆ ಹೇಳಿದ ಬೆಲೆಯನ್ನೇ ಹೇಳಿದ. ನೇಮಣ್ಣ ಈಗ ಬಾದಶಹನ ಭರಣಿಯ ಒಡೆಯ, ಅದೂ ಪಂಚರ ತೀರ್ಪಿನ ಸಮೇತ. ಅವಮಾನವಾಯಿತೆಂದು ಏಜೆಂಟನನ್ನು ಬೈದು ಕಳಿಸಿದ. ಭರಣಿ ಮಾರಾಟವಾಗಲಿಲ್ಲ, ಅವನಿಗೂ ಒಂದು ಪೈಸೆ ಹುಟ್ಟಲಿಲ್ಲ. ಹುಕ್ಕೇರಿಯ ಆ ಎರಡು ಅಂಕಣದ ಮನೆಯನ್ನು ಒಬ್ಬ ಕಿರಾಣಿ ಅಂಗಡಿಯವನು ಕೊಂಡು ಬೆಲ್ಲ ಇಡಲು ಇಟ್ಟುಕೊಂಡ. ೧೯೩೭ರಲ್ಲಿ ವಿಧವೆಯರಿಗೆ ಪಾಲು ಕೊಡುವ ಹೊಸ ಕಾಯ್ದೆ ಬಂತು. ಅದು ಆಮೇಲೆ ಸತ್ತ ಗಂಡಂದಿರ ಹೆಂಡಿರಿಗೆ ಮಾತ್ರ. ಜಿನ್ನವ್ವನ ಗಂಡನಿಗೆ ಅಷ್ಟು ಮುಂದಾಲೋಚನೆ ಇರಲಿಲ್ಲ.

೧೯೪೧ರಲ್ಲಿ ಗೋಕಾಕಕ್ಕೆ ನೆಂಟರ ಮದುವೆಗೆ ಬಂದವನು ಒಂದು ದಿನ ಮೂಡಲಗಿಗೂ ಹೋದೆ. ಯಾಕೆ ಹೋದೆ ಎಂದು ಕೇಳಬೇಡಿ. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಯಾಕೆ ಹೋಗುತ್ತದೋ ಹಾಗೆ. ಪಡಸಾಲೆಯಲ್ಲಿ ಸಾಂಗ್ಲಿ ಕಡೆಯಿಂದ ಬಂದ ವ್ಯಾಪಾರಿ ಅತಿಥಿಗಳಿದ್ದರು. ಭರಣಿ ಹೊಸದಾಗಿ ಮಾಡಿಸಿದ ಗೂಡಿನಲ್ಲಿತ್ತು. ನೇಮಣ್ಣ ನನ್ನನ್ನು ಕಂಡು ಬಹಳ ಸಂತೋಷಪಟ್ಟ. "ಇವರ ನೋಡ್ರಿ, ಆವತ್ತ ಓದಿದಾವ್ರು" ಎಂದು ಅತಿಥಿಗಳಿಗೆ ಪರಿಚಯಿಸಿ, ಒಳಗೆ ಕೂಗಿದ: "ವೈನೀ, ಬರ್ರಿ, ನೀವ ಹೇಳ್ರಿ. ನಿಮ್ಮಂಗ ಯಾರಿಗೂ ಹೇಳಾಕ ಬರೂದಿಲ್ಲ."

ಜಿನ್ನವ್ವ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಭರಣಿಯನ್ನು ಗೂಡಿನಿಂದ ಎತ್ತುವುದು, ಒರೆಸುವುದು ಆಕೆಯ ಕೆಲಸವೇ ಆಗಿತ್ತು. ಬೇರೆಯವರ ಕೈಗೆ ಕೊಡುತ್ತಿರಲಿಲ್ಲವಂತೆ. ಅದನ್ನು ಎರಡೂ ಕೈಯಲ್ಲಿ ಇಳಿಸಿ, ನಾನು ಹೇಗೆ ಹಿಡಿದಿದ್ದೆನೋ ಹಾಗೆಯೇ ಬೋರಲು ಹಿಡಿದು, ಅಕ್ಷರಗಳ ಮೇಲೆ ಬೆರಳಿಟ್ಟು ಹೇಳಿದಳು: "ಕಾಂಗ್‌ಶಿ ದೊರಿ. ಹದಿನಾರನೂರಾ ಅರವತ್ತೆರಡರಿಂದ ಹದಿನೇಳನೂರಾ ಇಪ್ಪತ್ತೆರಡು. ಬಿಜಾಪುರದ ಬಾದಶಾನ ಕೈಲೆ ಈ ಮನಿಗೆ ಬಂತರಿ." ದನಿಯಲ್ಲಿ ಏರಿಳಿತವಿಲ್ಲ. ಅತಿಥಿಗಳು ವಾಹವಾ ಎಂದರು. ನನ್ನ ಕಡೆ ಆಕೆ ನೋಡಲಿಲ್ಲ; ಕಣ್ಣು ಮಿಟುಕಿಸಲೂ ಇಲ್ಲ.

ನಾನು ಹೊರಟಾಗ ಬಾಗಿಲ ಹತ್ತಿರ ಬಂದು ನೀರಿನ ತಂಬಿಗೆ ಕೊಟ್ಟಳು. ಕುಡಿದು ಮುಗಿಸಿದ ಮೇಲೆ ತಂಬಿಗೆ ತೆಗೆದುಕೊಳ್ಳುತ್ತ ಕೇಳಿದಳು:

"ಅಣ್ಣಾ, ಅದು ಸುಳ್ಳ ಬರದದ್ದಂತ ನಿಮಗ ಗೊತ್ತಿತ್ತು. ಗೊತ್ತಿದ್ದೂ ಯಾಕ ಓದಿದ್ರಿ?"

"ಬರೆದದ್ದನ್ನು ಓದು ಎಂದರು, ಜಿನ್ನವ್ವ. ಓದಬೇಕಾಯಿತು. ಸುಳ್ಳು ಎಂದೂ ಹೇಳಿದೆನಲ್ಲ."

"ಹೇಳಿದ್ರಿ. ಯಾರ ಕೇಳಿದ್ರು?" ಎಂದಳು. "ಓದಾಕ ಬರಲಾರ್ದಾವ್ರನ್ನ ಕರಸಿದ್ರ ಚಲೋ ಇತ್ತ ಬಿಡ್ರಿ." ಸಿಟ್ಟಿನಿಂದಲ್ಲ; ಮಜ್ಜಿಗೆಗೆ ಉಪ್ಪು ಹೆಚ್ಚಾಯಿತು ಎನ್ನುವ ಹಾಗೆ. ಒಳಗಿನಿಂದ ನೇಮಣ್ಣ ಚಹಾಕ್ಕೆ ಕೂಗಿದ, ಹೋದಳು.

ಆಕೆ ಹಾಗೆ ಕೇಳಿ ಎಷ್ಟೋ ವರ್ಷವಾಯಿತು. ನಾನು ಓದಿದ್ದು ಸರಿ, ಹೇಳಿದ್ದು ಸರಿ, ಪಾತ್ರೆಯ ಕಾಲ ಗುರುತಿಸಿದ್ದು ಸರಿ. ಇದನ್ನು ಯಾವ ಪಿಂಗಾಣಿ ಪಂಡಿತನ ಮುಂದೆಯೂ ಇಂದಿಗೂ ಸಾಧಿಸಬಲ್ಲೆ. ಆದರೆ ಈ ಕಸುಬು ನನಗೆ ಕಲಿಸಿದ ಸಂಗತಿ ಪಿಂಗಾಣಿಗೆ ಸಂಬಂಧಿಸಿದ್ದಲ್ಲ. ತಿಳಿದವನು ಹತ್ತು ಮಾತು ಹೇಳಿದರೆ ಜನ ಅದರಲ್ಲಿ ತಮಗೆ ಮೊದಲೇ ಗೊತ್ತಿದ್ದ ಒಂದು ಮಾತನ್ನು ಇಟ್ಟುಕೊಂಡು, ಉಳಿದ ಒಂಬತ್ತನ್ನು ನಮಸ್ಕಾರ ಮಾಡಿ ವಾಪಸು ಕೊಡುತ್ತಾರೆ. ಮೂಡಲಗಿಯ ಪ್ರಸಂಗವಾದ ಮೇಲೆ ನಾನೊಂದು ನಿಯಮ ಮಾಡಿಕೊಂಡೆ. ಯಾರೇ ಪಾತ್ರೆ ತಂದು "ಇದರ ಮೇಲೆ ಏನು ಬರೆದಿದೆ?" ಎಂದರೆ, ಇದು ಯಾವಾಗಿನದು ಎಂದು ಮೊದಲು ಕೇಳಿರಿ, ಅದನ್ನು ಒಪ್ಪಿದ ಮೇಲೆ ಓದುತ್ತೇನೆ ಎನ್ನುತ್ತಿದ್ದೆ. ಬಹಳ ಜನ ಮುನಿಸಿಕೊಂಡು ಪಾತ್ರೆ ಎತ್ತಿಕೊಂಡು ಹೋದರು. ಕಂಪನಿಯ ಮಾಲೀಕರು ನನಗೆ ತಲೆಕೆಟ್ಟಿದೆ ಎಂದರು. ನಿವೃತ್ತನಾಗುವವರೆಗೆ ಆ ನಿಯಮ ಮುರಿಯಲಿಲ್ಲ.

ನಿಯಮವೇನೋ ಒಳ್ಳೆಯದೇ. ಅದನ್ನು ನಾನು ಕಲಿಯುವುದಕ್ಕಾಗಿ ಒಬ್ಬ ಹೆಣ್ಣುಮಗಳು ಮತ್ತೊಬ್ಬರ ಬಾಗಿಲೊಳಗೇ ಮುದುಕಿಯಾಗಬೇಕಾಯಿತು.